ಬೀಸಿನ ತಪ್ಪು, ತಿದ್ದಿದವರ ತಪ್ಪು

ಗಾಲ್ಫ್ ಆಟದ ಬಗ್ಗೆ ಬರೆಯಲು ಕುಳಿತಿದ್ದೇನೆ ಎಂದರೆ ನಮ್ಮ ಮಮದಾಪುರದಲ್ಲಿ ಯಾರೂ ನಂಬಲಿಕ್ಕಿಲ್ಲ. ಈ ಊರಿನ ಹೆಸರು ಹೇಳಿದರೆ ಬಲ್ಲವರಿಗೆ ನೆನಪಾಗುವುದು ಕೆರೆ. ವಿಜಯಪುರದ ಗೋಳಗುಮ್ಮಟದಲ್ಲಿ ಮಲಗಿರುವ ಮುಹಮ್ಮದ ಆದಿಲಶಾಹನ ಕಾಲದ ಆ ಕೆರೆ, ಅದರ ಸುತ್ತ ಎರೆಭೂಮಿ, ಆ ಭೂಮಿಯಲ್ಲಿ ಹಿಂಗಾರಿ ಜೋಳ, ಕಡಲೆ, ಕುಸುಬೆ. ಹುಲ್ಲು ಬೆಳೆಸಿ, ಅದನ್ನು ದನಕ್ಕೂ ಹಾಕದೆ ಸಮನಾಗಿ ಕತ್ತರಿಸಿ, ಅದರ ಮೇಲೆ ಲಿಂಬೆಹಣ್ಣಿನಷ್ಟು ಚೆಂಡನ್ನು ಹೊಡೆಯುತ್ತ ಮೈಲಿಗಟ್ಟಲೆ ನಡೆಯುವ ಆಟ ಇಲ್ಲಿಯವರಿಗೆ ಶ್ರೀಮಂತರ ಹುಚ್ಚಾಗಿಯೇ ಕಾಣುತ್ತದೆ. ನನಗೂ ಹಾಗೆಯೇ ಕಂಡಿತ್ತು, 2021ರ ಆಗಸ್ಟ್ 7ರ ಬೆಳಗಿನವರೆಗೆ.

ಅಂದು ಶನಿವಾರ. ಕೊರೋನಾದ ದೆಸೆಯಿಂದ ಶಾಲೆಗೆ ಮಕ್ಕಳು ಬರುತ್ತಿರಲಿಲ್ಲ. ಟೋಕಿಯೋ ಒಲಿಂಪಿಕ್ಸಿನಲ್ಲಿ ಬೆಂಗಳೂರಿನ ಹುಡುಗಿ ಅದಿತಿ ಅಶೋಕ್ ಪದಕದ ಹತ್ತಿರ ಬಂದಿದ್ದಾಳೆಂದು ಕೇಳಿ ಟಿ.ವಿ. ಹಚ್ಚಿದೆ. ಆಟದ ಗಂಧ ಗೊತ್ತಿಲ್ಲ. ಆದರೂ ಎದ್ದು ಚಹಕ್ಕೆ ಇಡಲೂ ಮನಸ್ಸಾಗಲಿಲ್ಲ. ಆಕೆಯ ಚೀಲ ಹೊತ್ತು ಜೊತೆಗೆ ನಡೆಯುತ್ತಿದ್ದವರು ಸ್ವತಃ ಅವಳ ತಾಯಿ. ನಡುವೆ ಮಳೆ ಬಂದು ಆಟ ನಿಂತಿತು, ಮತ್ತೆ ಸುರುವಾಯಿತು. ನಾಲ್ಕು ದಿನದ ಆಟ ಮುಗಿದಾಗ ಅದಿತಿಯ ಹೊಡೆತಗಳು 269. ಬಂಗಾರ ಗೆದ್ದ ಅಮೆರಿಕದ ನೆಲ್ಲಿ ಕೊರ್ಡಾಳವು 267. ಜಪಾನಿನ ಮೋನೆ ಇನಾಮಿ, ನ್ಯೂಜಿಲೆಂಡಿನ ಲಿಡಿಯಾ ಕೋ ಇಬ್ಬರವೂ 268. ಒಂದೇ ಒಂದು ಹೊಡೆತದಿಂದ ನಮ್ಮ ಹುಡುಗಿ ನಾಲ್ಕನೆಯವಳಾದಳು. ಆಕೆಯ ದೂರದ ಹೊಡೆತ ಉಳಿದವರಿಗಿಂತ ಮೊಟಕು, ಕುಳಿಯ ಹತ್ತಿರದ ನಾಜೂಕಿನಿಂದ ಅದನ್ನು ತುಂಬಿಕೊಳ್ಳುತ್ತಿದ್ದಾಳೆ ಎಂದು ಟಿ.ವಿ.ಯವರು ಮತ್ತೆ ಮತ್ತೆ ಹೇಳುತ್ತಿದ್ದರು.

ನನಗೆ ಹತ್ತಿದ ಪ್ರಶ್ನೆ ಬೇರೆ. ಕ್ರಿಕೆಟ್ಟಿನಲ್ಲಿ ಚೆಂಡು ಎದುರಿನಿಂದ ಬರುತ್ತದೆ, ಪುಟಿಯುತ್ತದೆ, ತಿರುಗುತ್ತದೆ; ಹೊಡೆಯುವವನು ತಪ್ಪಿದರೆ ಅರ್ಥವಾಗುತ್ತದೆ. ನಮ್ಮ ಚಿಣ್ಣಿ-ದಾಂಡಿನಲ್ಲಿಯೂ ಚಿಣ್ಣಿ ಒಂದು ಗಳಿಗೆ ಗಾಳಿಯಲ್ಲಿ ಇರುತ್ತದೆ. ಗಾಲ್ಫಿನಲ್ಲಿ ಚೆಂಡು ಸುಮ್ಮನೆ ಕುಳಿತಿದೆ. ಅವಸರವಿಲ್ಲ, ಎದುರಾಳಿ ಮುಟ್ಟುವಂತಿಲ್ಲ. ಹಾಗಿದ್ದೂ ಲೋಕದ ದೊಡ್ಡ ದೊಡ್ಡ ಆಟಗಾರರ ಚೆಂಡು ಗಿಡದ ಪೊದೆಗೆ, ಕೊಳಕ್ಕೆ ಹೋಗುವುದು ಏಕೆ?

ಇದನ್ನು ಕೇಳಲು ನನಗೆ ಗೊತ್ತಿದ್ದವನು ಒಬ್ಬನೇ. ನೌಕರಿಯ ಮೊದಲ ವರ್ಷಗಳಲ್ಲಿ ಪ್ರಾಥಮಿಕ ಶಾಲೆಯಲ್ಲಿ ನನ್ನ ಕೈಯಲ್ಲಿ ಕಲಿತ ಹುಡುಗ. ಮುಂದೆ ಪಿ.ಯು.ಸಿ. ಹತ್ತಲಿಲ್ಲ, ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆಂದು ಹೋದವನು ಅಲ್ಲಿಯ ಒಂದು ಗಾಲ್ಫ್ ಮೈದಾನದಲ್ಲಿ ಕ್ಯಾಡಿಯಾಗಿ, ಅಂದರೆ ಆಟಗಾರರ ಚೀಲ ಹೊರುವವನಾಗಿ ಸೇರಿದ್ದ. ಫೋನು ಮಾಡಿದೆ. "ಅಕ್ಕೋರ, ನೀವು ಗಾಲ್ಫ್ ನೋಡಿದ್ರೇನ್ರಿ!" ಎಂದು ನಕ್ಕ. ಪ್ರಶ್ನೆ ಹೇಳಿದೆ. "ಅದು ಫೋನಿನ್ಯಾಗ ಹೇಳೂ ಮಾತಲ್ರಿ. ಎಳ್ಳ ಅಮವಾಸಿಗೆ ಬರ್ತೀನಿ, ಕೈಯಾಗ ಕೋಲು ಕೊಟ್ಟು ತೋರಸ್ತೀನಿ" ಎಂದ. ಅಲ್ಲಿಯವರೆಗೆ ನಾನು ಸುಮ್ಮನೆ ಕೂಡಲಿಲ್ಲ. ಇತಿಹಾಸ ಕಲಿಸುವವರ ಚಟ. ಒಂದು ಎಳೆ ಸಿಕ್ಕರೆ ಹಿಂದಕ್ಕೆ ಜಗ್ಗಿ ನೋಡದೆ ಬಿಡುವುದಿಲ್ಲ.

ಈ ಆಟ ನಮ್ಮ ದೇಶಕ್ಕೆ ಹೊಸದಲ್ಲ. ಕಲಕತ್ತೆಯ ರಾಯಲ್ ಗಾಲ್ಫ್ ಕ್ಲಬ್ಬು 1829ರದು. ಬ್ರಿಟಿಷ್ ದ್ವೀಪಗಳ ಹೊರಗೆ ಅದಕ್ಕಿಂತ ಹಳೆಯದು ಇಲ್ಲವೆನ್ನುತ್ತಾರೆ. ಬೆಂಗಳೂರಿನ ಹೈಗ್ರೌಂಡ್ಸಿನ ಗಾಲ್ಫ್ ಕ್ಲಬ್ಬು 1876ರದು. ಆ ವರ್ಷವೆಂದರೆ ನಮ್ಮ ವಿಜಯಪುರ ಸೀಮೆಯವರಿಗೆ ಬೇರೆಯೇ ನೆನಪು: 1876ರಿಂದ 78ರವರೆಗಿನ ಬರ. ಇಲ್ಲಿ ಜನ ಬರದಲ್ಲಿ ಸಾಯುತ್ತಿದ್ದಾಗ ಅಲ್ಲಿ ದೊರೆಗಳು ಕುಳಿಗೆ ಚೆಂಡು ಹಾಕುತ್ತಿದ್ದರು. ಇನ್ನು ದೊಮ್ಮಲೂರಿನ ಆಚೆ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನ ಮೈದಾನವಿರುವುದು ಚಲ್ಲಘಟ್ಟ ಕೆರೆಯ ಅಂಗಳದಲ್ಲಿ. ಕೆರೆಯೊಂದನ್ನೇ ಕಣ್ಣಿನಂತೆ ಕಾಯ್ದುಕೊಂಡು ಬಂದ ಊರಿನವಳು ನಾನು; ಆ ಮಾತು ಓದಿದಾಗ ಹೊಟ್ಟೆ ಚುರುಕ್ ಎಂದಿತು. ಆದರೆ ಐದು ವರ್ಷದ ಅದಿತಿ ತಂದೆ-ತಾಯಿಯ ಜೊತೆ ಊಟಕ್ಕೆ ಹೋದಾಗ ಕಂಡು ಆಸೆಪಟ್ಟದ್ದೂ ಅದೇ ಮೈದಾನವನ್ನು. ಇತಿಹಾಸ ಹೀಗೆಯೇ, ಒಂದನ್ನು ಬೈಯಲು ಹೊರಟರೆ ಇನ್ನೊಂದು ಅಡ್ಡ ಬಂದು ನಿಲ್ಲುತ್ತದೆ.

ಈ ಕ್ಲಬ್ಬುಗಳಲ್ಲಿ ಚೀಲ ಹೊತ್ತವರ ಕಥೆಯೇ ನನಗೆ ಹೆಚ್ಚು ಹಿಡಿಸಿತು. ಅವರಿಗೆ ಗುರುಗಳಿಲ್ಲ, ಪುಸ್ತಕವಿಲ್ಲ. ಸಾಹೇಬರು ಹೊಡೆಯುವುದನ್ನು ದಿನವೂ ಹಿಂದೆ ನಿಂತು ನೋಡುವುದು, ಅವರು ಬಿಸಾಕಿದ ಹಳೆಯ ಕ್ಲಬ್ಬಿನಿಂದ ರಜೆಯ ದಿನ ಹೊಡೆದು ನೋಡುವುದು. ಬೆಂಗಳೂರಿನ ಸಿ. ಮುನಿಯಪ್ಪ ಹೀಗೆ ಕ್ಯಾಡಿಯಾಗಿದ್ದವರು. 2009ರಲ್ಲಿ ಇಂಡಿಯನ್ ಓಪನ್ ಗೆದ್ದರು. ಬಿಡದಿಯ ಗಾಲ್ಫ್ ಮೈದಾನದ ಮಗ್ಗುಲಿನ ಹಳ್ಳಿಯ ಚಿಕ್ಕರಂಗಪ್ಪ, ವಿಜಯ್ ದಿವೇಚಾ ಎಂಬ ಗುರುವಿನ ಕಣ್ಣಿಗೆ ಬಿದ್ದು ಅಂತರರಾಷ್ಟ್ರೀಯ ಆಟಗಾರನಾದ. ಅನಿರ್ಬನ್ ಲಾಹಿರಿಯನ್ನು ತಿದ್ದಿ ಬೆಳೆಸಿದವರೂ ಈ ದಿವೇಚಾ ಅವರೇ.

ಎಳ್ಳ ಅಮವಾಸ್ಯೆಗೆ ಹುಡುಗ ಮಾತಿನಂತೆ ಬಂದ. ಹುಡುಗ ಎನ್ನುತ್ತೇನೆ, ತಲೆಯಲ್ಲಿ ನಾಲ್ಕು ಬಿಳಿ ಕೂದಲು ಕಾಣುತ್ತಿದ್ದವು. ಕೆರೆಯ ಆಚೆ ಅವರ ಹೊಲ. ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹೋಳಿಗೆಯ ಊಟ ಮುಗಿಸಿ ಬದುವಿನ ಮೇಲೆ ಕುಳಿತಾಗ ಅವನು ಗೋಣಿಚೀಲದಿಂದ ಒಂದು ಹಳೆಯ ಕಬ್ಬಿಣದ ಕ್ಲಬ್ಬು, ನಾಲ್ಕು ಚೆಂಡು ತೆಗೆದ. ಮೊದಲು ಅವನು ತೋರಿಸಿದ್ದು ಕೈಯ ಹಿಡಿತವನ್ನು.

"ನೂರು ಮಂದ್ಯಾಗ ತೊಂಬತ್ತು ಮಂದಿ ತಪ್ಪು ಇಲ್ಲೇ ಇರ್ತಾವ್ರಿ ಅಕ್ಕೋರ. ಚೆಂಡು ಹಾರೂಕಿಂತ ಮೊದಲಽ ತಪ್ಪು ಆಗಿ ಹೋಗಿರ್ತೈತಿ."

ಹೆದರಿದವನು ಕ್ಲಬ್ಬನ್ನು ಬಾವಿಹಗ್ಗ ಹಿಡಿದಂತೆ ಬಿಗಿಯಾಗಿ ಹಿಡಿಯುತ್ತಾನೆ. ಬಿಗಿಹಿಡಿದರೆ ಮಣಿಕಟ್ಟು ಸೆಟೆಯುತ್ತದೆ, ಮೊಳಕೈ ಸೆಟೆಯುತ್ತದೆ, ಹೆಗಲು ಕಿವಿಗೆ ಏರುತ್ತದೆ. ಕ್ಲಬ್ಬಿನ ತಲೆಗೆ ಓಟವೇ ಇರುವುದಿಲ್ಲ. ಗುಬ್ಬಿಮರಿಯನ್ನು ಹಿಡಿದಂತೆ ಹಿಡಿಯಬೇಕಂತೆ, ಅದು ಹಾರಿಹೋಗಲೂಬಾರದು, ಸಾಯಲೂಬಾರದು. ಹಿಂದಿನವರು ಅಂಗೈಯಲ್ಲಿ ಹತ್ತೂ ಬೆರಳು ಕೂಡಿಸಿ ಹಿಡಿಯುತ್ತಿದ್ದರು. ಬಲಗೈ ಕಿರುಬೆರಳನ್ನು ಎಡಗೈ ತೋರುಬೆರಳಿನ ಮೇಲೆ ಏರಿಸಿ ಎರಡು ಕೈಗಳನ್ನು ಒಂದು ಮಾಡುವ ಹಿಡಿತಕ್ಕೆ ಹ್ಯಾರಿ ವಾರ್ಡನ್ನನ ಹೆಸರು ನಿಂತಿದೆ. ಜರ್ಸಿ ದ್ವೀಪದ ಈ ಮನುಷ್ಯನೂ ಚಿಕ್ಕಂದಿನಲ್ಲಿ ಚೀಲ ಹೊತ್ತವನೇ. 1896ರಿಂದ 1914ರೊಳಗೆ ಆರು ಸಲ ಬ್ರಿಟಿಷ್ ಓಪನ್ ಗೆದ್ದ. ಈ ಹಿಡಿತ ಅವನಿಗಿಂತ ಮೊದಲೂ ಕೆಲವರಲ್ಲಿ ಇತ್ತು. ಆದರೆ ಗೆದ್ದವನ ಹೆಸರೇ ಉಳಿಯುತ್ತದೆ.

ನನ್ನ ಹಳೆಯ ಕಸುಬು ನೆನಪಾಯಿತು. ಮಕ್ಕಳ ಬರವಣಿಗೆ ಕೆಳಗಿಳಿದರೆ, ಅಕ್ಷರ ಒಂದರ ಮೇಲೊಂದು ಬಿದ್ದರೆ ನಾವು ತಿದ್ದುವುದು ಅಕ್ಷರವನ್ನು. ಕೆಂಪು ಪೆನ್ನಿನಿಂದ ಗೆರೆ ಎಳೆಯುತ್ತೇವೆ, 'ದುಂಡಗೆ ಬರೆ' ಎಂದು ಅಡಿಗೆ ಬರೆಯುತ್ತೇವೆ. ಮಗು ಪೆನ್ಸಿಲ್ಲನ್ನು ಮುಷ್ಟಿಯಲ್ಲಿ ಹಿಡಿದಿದೆಯೋ, ಪಾಟಿಯನ್ನು ಎಡಗೈಯಿಂದ ಒತ್ತಿ ಹಿಡಿದಿದೆಯೋ ಎಂದು ಬಗ್ಗಿ ನೋಡುವುದು ಎಷ್ಟೋ ವರ್ಷದ ಮೇಲೆ ನನಗೆ ಬಂತು. ಹಿಡಿತ ನೋಡಲು ಮಗು ಬರೆಯುವಾಗ ಅದರ ಬದಿಗೆ ಕೂಡಬೇಕು. ಅಕ್ಷರ ತಿದ್ದುವುದಾದರೆ ಮನೆಯಲ್ಲಿ ಕುಳಿತೂ ತಿದ್ದಬಹುದು.

ಹುಡುಗ ಮುಂದೆ ಹೇಳಿದ. ಬಲಗೈ ಆಟಗಾರನ ಚೆಂಡು ಎಡಕ್ಕೆ ಹೊರಟು, ಅಥವಾ ನೇರ ಹೊರಟು, ಬಲಕ್ಕೆ ಬಾಗಿ ಹೋದರೆ ಅದು ಸ್ಲೈಸು. ಎಡಕ್ಕೆ ಬಾಗಿದರೆ ಹುಕ್ಕು. ಹೊಸದಾಗಿ ಆಡುವವರಲ್ಲಿ ಹೆಚ್ಚಿನವರ ಕಾಟ ಸ್ಲೈಸಿನದು. ಅದರ ಕಾರಣ ಎರಡು ಕೂಡಿ ಆಗುತ್ತದೆ: ಕ್ಲಬ್ಬು ಹೊರಗಿನಿಂದ ಒಳಕ್ಕೆ ಓರೆಯಾಗಿ ಚೆಂಡನ್ನು ಸವರಿಕೊಂಡು ಹೋಗುವುದು ಒಂದು, ಆ ಓಟಕ್ಕೆ ಹೋಲಿಸಿದರೆ ಕ್ಲಬ್ಬಿನ ಮುಖ ಬಲಕ್ಕೆ ತೆರೆದಿರುವುದು ಇನ್ನೊಂದು. ಓಟ ಒಂದು ಕಡೆ, ಮುಖ ಇನ್ನೊಂದು ಕಡೆಗಾದಾಗ ಚೆಂಡು ಓರೆಯಾಗಿ ಗಿರಕಿ ಹೊಡೆದು ಗಾಳಿಯಲ್ಲಿ ಬಾಗುತ್ತದೆ.

ಇಲ್ಲಿ ಸೋಜಿಗ ನೋಡಿ. ಚೆಂಡು ಬಲಕ್ಕೆ ಹೋಗುತ್ತದೆಂದು ಕಂಡವನು ಏನು ಮಾಡುತ್ತಾನೆ? ಮುಂದಿನ ಸಲ ಇನ್ನಷ್ಟು ಎಡಕ್ಕೆ ತಿರುಗಿ ನಿಲ್ಲುತ್ತಾನೆ. ಎಡಕ್ಕೆ ತಿರುಗಿ ನಿಂತರೆ ಬೀಸು ಇನ್ನಷ್ಟು ಓರೆಯಾಗಿ ಒಳಕ್ಕೆ ಬರುತ್ತದೆ, ಚೆಂಡು ಇನ್ನಷ್ಟು ಬಲಕ್ಕೆ ಬಾಗುತ್ತದೆ. ಅವನು ಇನ್ನೂ ಎಡಕ್ಕೆ ತಿರುಗುತ್ತಾನೆ. ಮದ್ದೇ ರೋಗವನ್ನು ಬೆಳೆಸುತ್ತ ಹೋಗುತ್ತದೆ. "ಕೆಲವರು ಇಪ್ಪತ್ತು ವರ್ಷದಿಂದ ಹಿಂಗಽ ತಿರಗಕೋತ ಹೊಂಟಾರ್ರಿ" ಎಂದ ನಮ್ಮ ಹುಡುಗ.

ಆಟಗಾರನ ಮಾತು ಬಿಡಿ, ಅವನಿಗೆ ಕಣ್ಣಿಗೆ ಕಂಡದ್ದಷ್ಟೇ ಗೊತ್ತು. ನನ್ನನ್ನು ನಿಲ್ಲಿಸಿದ್ದು ಗುರುಗಳ ಕಥೆ. ಇಪ್ಪತ್ತನೆಯ ಶತಮಾನದ ಬಹುಭಾಗ ಗಾಲ್ಫ್ ಗುರುಗಳು ಕಲಿಸಿದ ಸೂತ್ರ ಇದು: ಚೆಂಡು ಹೊರಡುವುದು ಬೀಸಿನ ಓಟದ ದಿಕ್ಕಿನಲ್ಲಿ, ಆಮೇಲೆ ಬಾಗುವುದು ಕ್ಲಬ್ಬಿನ ಮುಖ ನೋಡುತ್ತಿದ್ದ ದಿಕ್ಕಿಗೆ. ಕೇಳಲು ಎಷ್ಟು ಸರಿಯೆನಿಸುತ್ತದೆ! ಕ್ಲಬ್ಬು ಚೆಂಡಿಗೆ ತಾಗಿಕೊಂಡಿರುವುದು ಒಂದು ಸೆಕೆಂಡಿನ ಸುಮಾರು 2000ದ ಒಂದು ಪಾಲು ಮಾತ್ರ. ಅದನ್ನು ಯಾವ ಕಣ್ಣು ನೋಡೀತು? 1968ರಲ್ಲಿ ಅಲಸ್ಟೇರ್ ಕಾಕ್ರನ್ ಮತ್ತು ಜಾನ್ ಸ್ಟಾಬ್ಸ್ ಎಂಬವರು ಬೀಸನ್ನು ವಿಜ್ಞಾನದ ರೀತಿಯಲ್ಲಿ ಅಳೆದ ಸಂಶೋಧನೆಯನ್ನು ಪುಸ್ತಕ ಮಾಡಿದರು. ಆದರೂ ಮೈದಾನದ ಪಾಠ ಬದಲಾಗಲಿಲ್ಲ. ಈ ಶತಮಾನದ ಮೊದಲ ದಶಕದಲ್ಲಿ ಚೆಂಡನ್ನು ಹಿಂಬಾಲಿಸುವ ರಾಡಾರ್ ಯಂತ್ರಗಳು ಬಂದ ಮೇಲೆ ಸತ್ಯ ಎಲ್ಲರ ಕಣ್ಣಿಗೆ ಬಿತ್ತು; ಡೆನ್ಮಾರ್ಕಿನ ಟ್ರ್ಯಾಕ್‌ಮ್ಯಾನ್ ಅವುಗಳಲ್ಲಿ ಹೆಸರಾದದ್ದು. ಚೆಂಡು ಹೊರಡುವುದು ಹೆಚ್ಚಾಗಿ ಕ್ಲಬ್ಬಿನ ಮುಖ ನೋಡುವ ದಿಕ್ಕಿಗೇ. ಮುಖಕ್ಕೂ ಓಟಕ್ಕೂ ಇರುವ ಅಂತರದಿಂದ ಅದು ಬಾಗುತ್ತದೆ. ಹಳೆಯ ಸೂತ್ರ ಬಹುಮಟ್ಟಿಗೆ ತಿರುವುಮುರುವಾಗಿತ್ತು.

ಇದರಿಂದ ಆಗುತ್ತಿದ್ದುದೇನು? ಎದುರಿಗೆ ಒಂದು ಮರ ಇದೆ, ಅದನ್ನು ಬಳಸಿ ಚೆಂಡು ಬಾಗಿಸಬೇಕು. ಪುಸ್ತಕ ಓದಿದವನು ಮುಖವನ್ನು ಗುರಿಯ ಕಡೆಗೆ, ಅಂದರೆ ಮರದ ಕಡೆಗೇ ಇಟ್ಟು, ಬೀಸನ್ನು ಮರದ ಬದಿಗೆ ತಿರುಗಿಸುತ್ತಿದ್ದ. ಚೆಂಡು ನೆಟ್ಟಗೆ ಮರಕ್ಕೆ ಬಡಿಯುತ್ತಿತ್ತು. ಗುರು ಹೇಳಿದ್ದು ತಪ್ಪಿರಬಹುದೆಂದು ಯಾರಿಗೂ ಹೊಳೆಯಲಿಲ್ಲ. ತಾನು ಸರಿಯಾಗಿ ಮಾಡಲಿಲ್ಲವೆಂದೇ ಶಿಷ್ಯ ಮತ್ತೆ ಮತ್ತೆ ತಿದ್ದಿಕೊಂಡ. "ನಾವು ಪುಸ್ತಕ ಓದಿದ್ದಿಲ್ರಿ, ಹಿಂದ ನಿಂತು ಕ್ಲಬ್ಬಿನ ಮಾರಿ ನೋಡತಿದ್ವಿ. ಮಾರಿ ಎತ್ತಾಗೋ ಚೆಂಡು ಅತ್ತಾಗ" ಎಂದ ಹುಡುಗ. ಇದನ್ನು ಕೇಳಿ ನನಗೆ ನಗು ಬರಲಿಲ್ಲ. ಬಿ.ಎಡ್. ಕಲಿತವಳು ನಾನು. ಪಾಠ ತಪ್ಪಿದ್ದಾಗಲೂ ಶಿಕ್ಷೆ ಶಿಷ್ಯನಿಗೇ ಆಗುತ್ತದೆಂಬುದು ನಮ್ಮ ಕಸುಬಿನಲ್ಲಿ ಹೊಸ ಮಾತಲ್ಲ.

ಒಬ್ಬರ ಮದ್ದು ಇನ್ನೊಬ್ಬರಿಗೆ ಕುಡಿಸುವುದು ಇನ್ನೊಂದು ಬಗೆ. ಅಮೆರಿಕದ ಬೆನ್ ಹೋಗನ್‌ನ ಶತ್ರು ಹುಕ್ಕು. ಅವನ ಚೆಂಡು ಎಡಕ್ಕೆ ಬಾಗಿ ಹಾಳಾಗುತ್ತಿತ್ತು. ವರ್ಷಗಟ್ಟಲೆ ಒಬ್ಬನೇ ಹೊಡೆದು ಹೊಡೆದು ಹಿಡಿತವನ್ನು ಬದಲಿಸಿ, ಮುಖ ಮುಚ್ಚಿಕೊಳ್ಳದಂತೆ ಮಾಡಿಕೊಂಡು ಅದನ್ನು ಗೆದ್ದ. 1949ರ ಫೆಬ್ರುವರಿಯಲ್ಲಿ ಅವನ ಕಾರಿಗೆ ಬಸ್ಸು ಬಡಿದು ನಡೆಯುವುದೇ ಕಷ್ಟ ಎಂಬಂತಾಯಿತು. ಮರುವರ್ಷ ಜೂನಿನಲ್ಲಿ, ಕಾಲಿಗೆ ಪಟ್ಟಿ ಸುತ್ತಿಕೊಂಡು ನಡೆದು ಯು.ಎಸ್. ಓಪನ್ ಗೆದ್ದ. ಅಂಥವನು 1957ರಲ್ಲಿ ಐದು ಪಾಠಗಳ ಪುಸ್ತಕ ಬರೆದರೆ ಲೋಕವೆಲ್ಲ ಓದದೆ ಇದ್ದೀತೇ? ಆದರೆ ಓದಿದವರಲ್ಲಿ ಹೆಚ್ಚಿನವರ ರೋಗ ಸ್ಲೈಸು. ಹುಕ್ಕಿನವನು ತನಗಾಗಿ ಕಂಡುಕೊಂಡ ಹಿಡಿತವನ್ನು ಸ್ಲೈಸಿನವನು ಹಿಡಿದರೆ ತೆರೆದ ಮುಖ ಇನ್ನಷ್ಟು ತೆರೆಯುತ್ತದೆ. ಪುಸ್ತಕದಲ್ಲಿ ಸುಳ್ಳಿಲ್ಲ, ಓದುಗ ಬೇರೆ.

ಉಪಕರಣ ಹೋಗಿ ಪಾಠ ಉಳಿದದ್ದೂ ಉಂಟು. ಮೊದಲು ಕ್ಲಬ್ಬಿನ ದಂಡ ಹಿಕರಿ ಎಂಬ ಮರದ್ದು. ಬೀಸುವಾಗ ಅದು ತಿರುಚಿಕೊಳ್ಳುತ್ತಿತ್ತು, ಮಣಿಕಟ್ಟಿನ ಆಟದಿಂದ ಅದನ್ನು ಸರಿಗೂಡಿಸಬೇಕಿತ್ತು. 1920ರ ದಶಕದಲ್ಲಿ ಅಮೆರಿಕದಲ್ಲಿ, 1929ರಲ್ಲಿ ಬ್ರಿಟನ್ನಿನಲ್ಲಿ ಉಕ್ಕಿನ ದಂಡಕ್ಕೆ ಒಪ್ಪಿಗೆ ಸಿಕ್ಕಿತು. ಉಕ್ಕು ಹಾಗೆ ತಿರುಚುವುದಿಲ್ಲ. ಆದರೂ ಮರದ ಕಾಲದ ಬುದ್ಧಿಮಾತು ಬಹಳ ಕಾಲ ಬಾಯಿಂದ ಬಾಯಿಗೆ ನಡೆದೇ ಇತ್ತು.

ಅವನು ತೋರಿಸಿದ ಇನ್ನೆರಡು ತಪ್ಪುಗಳು ನಮ್ಮ ಹೆಣ್ಣುಮಕ್ಕಳಿಗೆ ಬೇಗ ತಿಳಿಯುವಂಥವು. ಹಿಂದಕ್ಕೆ ಬೀಸು ಎತ್ತುವಾಗ ಮೈ ತಿರುಗಬೇಕು, ಪಕ್ಕಕ್ಕೆ ಜಾರಬಾರದು. ಬೀಸುಕಲ್ಲು ಗೂಟದ ಸುತ್ತ ತಿರುಗುತ್ತದೆ. ಗೂಟವೇ ಅಲುಗಾಡಿದರೆ ಹಿಟ್ಟು ನುಣ್ಣಗಾಗುವುದಿಲ್ಲ. ಇನ್ನೊಂದು, ಚೆಂಡನ್ನು ಮೇಲಕ್ಕೆ ಎಬ್ಬಿಸಬೇಕೆಂದು ಕ್ಲಬ್ಬನ್ನು ಸೌಟಿನಂತೆ ಕೆಳಗಿನಿಂದ ಎತ್ತುವುದು. ಕ್ಲಬ್ಬಿನ ಮುಖ ಇಳಿಜಾರಾಗಿಯೇ ಇರುತ್ತದೆ. ಎಬ್ಬಿಸುವ ಕೆಲಸ ಅದರದು. ನೆಲದ ಮೇಲಿನ ಚೆಂಡಿಗೆ ಕ್ಲಬ್ಬು ಕೆಳಗೆ ಇಳಿಯುತ್ತಿರುವಾಗಲೇ ತಾಗಬೇಕು. ಎಬ್ಬಿಸಲು ಹೋದವನು ಚೆಂಡಿನ ಹಿಂದಿನ ಮಣ್ಣು ಕೆತ್ತುತ್ತಾನೆ, ಇಲ್ಲವೆ ಚೆಂಡಿನ ನೆತ್ತಿಗೆ ಬಡಿದು ಅದನ್ನು ನೆಲದಲ್ಲೇ ಓಡಿಸುತ್ತಾನೆ. ಆಗ ಸುತ್ತಲಿನವರೆಲ್ಲ ಕೂಡಿ ಹೇಳುವ ಒಂದೇ ಮಾತು, 'ತಲೆ ಎತ್ತಿದೆ'.

ಈ 'ತಲೆ ಎತ್ತಬೇಡ' ಗಾಲ್ಫಿನ ಅತಿ ಸೋವಿ ಉಪದೇಶ. ಜಾಕ್ ನಿಕ್ಲಾಸ್ ಚಿಕ್ಕವನಿದ್ದಾಗ ತಲೆ ಅಲುಗದಿರಲೆಂದು ಅವನ ಗುರು ಜಾಕ್ ಗ್ರೌಟ್ ತನ್ನ ಸಹಾಯಕನಿಗೆ ಹೇಳಿ ಹುಡುಗನ ಕೂದಲು ಹಿಡಿಸುತ್ತಿದ್ದ. ನಿಕ್ಲಾಸ್ ಮುಂದೆ 18 ಪ್ರಮುಖ ಪ್ರಶಸ್ತಿ ಗೆದ್ದ, ಕೂದಲು ಹಿಡಿದದ್ದಕ್ಕೇ ಗೆದ್ದನೋ ಅಲ್ಲವೋ. ಆದರೆ ಸ್ವೀಡನ್ನಿನ ಅನಿಕಾ ಸೊರೆನ್‌ಸ್ಟಾಮ್ ಚೆಂಡು ತಾಗುವಷ್ಟರಲ್ಲೇ ಮುಖ ಎತ್ತಿ ಗುರಿಯ ಕಡೆ ತಿರುಗಿಸಿಬಿಡುತ್ತಿದ್ದಳು. ಅವಳೂ 10 ಪ್ರಮುಖ ಪ್ರಶಸ್ತಿ ಗೆದ್ದಳು. ತಲೆ ಎದ್ದದ್ದು ಎಷ್ಟೋ ಸಲ ತಪ್ಪಿನ ಕಾರಣವಲ್ಲ, ಮೈಯಲ್ಲಿ ಮೊದಲೇ ಆದ ತಪ್ಪಿನ ಗುರುತು. ಗುರುತನ್ನು ಒತ್ತಿ ಹಿಡಿದರೆ ಮೈ ತಿರುಗದೆ ಕಟ್ಟಿಹಾಕಿದಂತಾಗುತ್ತದೆ.

ತಪ್ಪುಗಳ ಪಟ್ಟಿಯನ್ನೇ ಬೇಡವೆಂದವನು ಒಬ್ಬ ಇದ್ದ. ಇಂಗ್ಲೆಂಡಿನ ಅರ್ನೆಸ್ಟ್ ಜೋನ್ಸ್ ಮೊದಲನೆಯ ಮಹಾಯುದ್ಧದಲ್ಲಿ, 1916ರಲ್ಲಿ, ಬಲಗಾಲಿನ ಕೆಳಭಾಗ ಕಳೆದುಕೊಂಡ. ಒಂಟಿಕಾಲಿನ ಮೇಲೆ ನಿಂತು ಆಡಿದರೂ ಅವನ ಆಟ ಕೆಡಲಿಲ್ಲ. ಹಾಗಾದರೆ ಕಾಲು ಹೀಗೆ, ಸೊಂಟ ಹಾಗೆ ಎಂಬ ಪಾಠವೆಲ್ಲ ಏಕೆಂದು ಅವನಿಗೆ ಅನಿಸಿತು. ಆಮೇಲೆ ನ್ಯೂಯಾರ್ಕಿನಲ್ಲಿ ಪಾಠ ಹೇಳುವಾಗ ಕರವಸ್ತ್ರದ ತುದಿಗೆ ಚಾಕು ಕಟ್ಟಿ ತೂಗಿ ತೋರಿಸುತ್ತಿದ್ದ: ತೂಗಿದರೆ ವಸ್ತ್ರ ಬಿಗಿಯಾಗಿ ಚಾಕು ಹಿಂಬಾಲಿಸುತ್ತದೆ, ಜಗ್ಗಿದರೆ ವಸ್ತ್ರ ಸಡಿಲಾಗುತ್ತದೆ. ಇದನ್ನು ನಾನು ಹುಡುಗನಿಗೆ ಹೇಳಿದಾಗ ಅವನು ಎದ್ದು ಅಟ್ಟಕ್ಕೆ ನೇತುಹಾಕಿದ್ದ ಕವಣೆ ತಂದ. ಕಾಳು ಹಿಡಿಯುತ್ತಿದ್ದ ಜೋಳದ ಮೇಲೆ ಹಕ್ಕಿ ಎರಗುವ ಕಾಲ ಅದು. ಕಲ್ಲಿಟ್ಟು ತಿರುವಿ ಬಿಟ್ಟ. ಕಲ್ಲು ಸುಂಯ್ ಎಂದು ಹೊಲದ ಆ ದಂಡೆಗೆ ಹೋಯಿತು. "ಇದಽ ನೋಡ್ರಿ. ಕವಣಿ ಬೀಸಾವಗ ಮೊಳಕೈ ಹಿಂಗಿಡು ಅಂತ ಯಾರ ಹೇಳ್ಯಾರ್ರಿ?"

ಅವನು ಕವಣೆ ತಿರುವಿದ್ದು ಎಡಗೈಯಿಂದ. ನಾನು ಬರೆಯಬೇಕಾದ ಮಾತು ಇಲ್ಲಿದೆ.

ಎರಡನೆಯ ಇಯತ್ತೆಯಲ್ಲಿ ಅವನು ಬಳಪ ಹಿಡಿಯುತ್ತಿದ್ದುದು ಎಡಗೈಯಲ್ಲಿ. ನಾನು ಅದನ್ನು ತೆಗೆದು ಬಲಗೈಗೆ ಕೊಟ್ಟೆ. ಒಂದು ದಿನವಲ್ಲ, ವರ್ಷವಿಡೀ. ಹೊಡೆಯಲಿಲ್ಲ, ಅದೊಂದು ಸಮಾಧಾನವೆಂದು ಬಹಳ ದಿನ ಅಂದುಕೊಂಡಿದ್ದೆ. ಎಡಗೈಯಲ್ಲಿ ಬರೆದರೆ ಸರಸ್ವತಿಗೆ ಅಪಮಾನ ಎಂದು ಎಲ್ಲ ಮಕ್ಕಳ ಮುಂದೆ ಹೇಳಿದ್ದು ನೆನಪಿದೆ. ಪಟಪಟ ಮಾತಾಡುವ ಹುಡುಗ ಓದು-ಬರಹದಲ್ಲಿ ಹಿಂದೆ ಬಿದ್ದ, ಬರೆಯುವುದೆಂದರೆ ಮೈಗಳ್ಳನಾದ. 'ಅಕ್ಷರ ಕಾಗಿಯ ಕಾಲು' ಎಂದು ಅದಕ್ಕೂ ಅವನನ್ನೇ ಬೈದೆ. ಮುಂದೆ ಕ್ಯಾಡಿಯಾದಾಗಲೂ ಅವನ ಹಣೆಬರಹ ಅದೇ. ಸಾಹೇಬರು ಕೊಡುವ ಹಳೆಯ ಕ್ಲಬ್ಬುಗಳೆಲ್ಲ ಬಲಗೈಯವರವು. ಎಡಗೈ ಕ್ಲಬ್ಬಿನ ಮುಖವೇ ಬೇರೆ ಕಡೆ ಇರುತ್ತದೆ, ಅದನ್ನು ಕೊಳ್ಳುವ ದುಡ್ಡು ಎಲ್ಲಿಯದು? ಅಲ್ಲಿಯೂ ಅವನು ಬಲಗೈಯಲ್ಲೇ ಕಲಿತ.

ಗಾಲ್ಫಿನ ಇತಿಹಾಸದಲ್ಲಿ ಎಡಗೈಯವರ ಪುಟ ಚಿಕ್ಕದು, ಆದರೆ ವಿಚಿತ್ರ. ಎಡಗೈ ಆಟದಿಂದ ಪ್ರಮುಖ ಪ್ರಶಸ್ತಿ ಗೆದ್ದ ಮೊದಲಿಗ 1963ರಲ್ಲಿ ನ್ಯೂಜಿಲೆಂಡಿನ ಬಾಬ್ ಚಾರ್ಲ್ಸ್. ಎರಡನೆಯವನು ಬರಲು 40 ವರ್ಷ ಬೇಕಾಯಿತು. 2003ರಲ್ಲಿ ಕೆನಡಾದ ಮೈಕ್ ವಿಯರ್ ಮಾಸ್ಟರ್ಸ್ ಗೆದ್ದ. ಮೂರನೆಯವನು 2004ರಲ್ಲಿ ಫಿಲ್ ಮಿಕೆಲ್ಸನ್. ಈ ಮೂವರೂ ಬರೆಯುವುದು ಬಲಗೈಯಲ್ಲಿ! ಮಿಕೆಲ್ಸನ್ ಮಗುವಾಗಿದ್ದಾಗ ತಂದೆಯ ಎದುರು ನಿಂತು, ಕನ್ನಡಿ ನೋಡಿದಂತೆ ನೋಡಿ ಕಲಿತನಂತೆ. ಯಾರೂ ಅವನನ್ನು ಈ ಕಡೆ ತಿರುಗು ಎನ್ನಲಿಲ್ಲ.

ವಿಯರ್‌ನ ಕಥೆಯನ್ನು ನಾನು ಓದಿದ್ದು ಎಳ್ಳ ಅಮವಾಸ್ಯೆಗೆ ಒಂದೆರಡು ವಾರ ಮೊದಲು. 13 ವರ್ಷದವನಿದ್ದಾಗ ಅವನು ಆ ಕೂದಲು ಹಿಡಿಸಿಕೊಂಡು ಕಲಿತ ಜಾಕ್ ನಿಕ್ಲಾಸನಿಗೇ ಒಂದು ಪತ್ರ ಬರೆದ: ನಾನು ಎಡಗೈಯಲ್ಲಿ ಆಡುತ್ತೇನೆ, ಬಲಗೈಗೆ ಬದಲಿಸಬೇಕೇ ಎಂದು. ಲೋಕದ ಮೊದಲ ಆಟಗಾರ, ಪರದೇಶದ ಒಬ್ಬ ಅಪರಿಚಿತ ಹುಡುಗನಿಗೆ ಉತ್ತರ ಬರೆದ. ನಿನಗೆ ಸಹಜವಾಗಿ ಬರುವ ಬೀಸನ್ನು ಬಿಡಬೇಡ ಎಂಬುದು ಅದರ ತಾತ್ಪರ್ಯ. ಹುಡುಗ ಬಿಡಲಿಲ್ಲ. ಆ ರಾತ್ರಿ ನನಗೆ ಬಹಳ ಹೊತ್ತು ನಿದ್ದೆ ಹತ್ತಲಿಲ್ಲ. ನನ್ನ ಹತ್ತಿರ ಯಾರೂ ಪತ್ರ ಬರೆದು ಕೇಳಿರಲಿಲ್ಲ. ಏಳು ವರ್ಷದ ಮಗು ಹೇಗೆ ಕೇಳೀತು? ಮುಂದಿನ ಬೆಂಚಿನಲ್ಲಿ ಕುಳಿತು ನನ್ನ ಮುಖ ನೋಡುತ್ತಿತ್ತು, ಅಷ್ಟೇ.

ಬದುವಿನ ಮೇಲೆ ಅದನ್ನೆಲ್ಲ ಅವನಿಗೆ ಹೇಳಿದೆ. ತಪ್ಪಾಯಿತು ಎಂಬ ಮಾತು ಬಾಯಿಗೆ ಬರುವಷ್ಟರಲ್ಲಿ ಅವನೇ ತಡೆದ. "ಬಿಡ್ರಿ ಅಕ್ಕೋರ. ಬಲಗೈ ಆಟದಾಗ ಮುಂದ ಇರೂದು ಎಡಗೈನೇ. ದಾರಿ ತೋರಸೂದು ಅದು, ಬಲಗೈ ಬೆನ್ನಿಗೆ ಬರ್ತೈತಿ. ನನ್ನ ಎಡಗೈ ಗಟ್ಟಿ ಅಂತ ಮಂದಿ ಅಂತಾರ್ರಿ." ಆ ಮಾತು ಆಟದ ಮಟ್ಟಿಗೆ ನಿಜ. ಬಳಪದ ಮಟ್ಟಿಗೆ ನಿಜವಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಅವನು ಫೋನು ತೆಗೆದು ಮಗಳ ಫೋಟೋ ತೋರಿಸಿದ. ಹುಡುಗಿ ಮೇಜಿನ ಮೇಲೆ ಬಗ್ಗಿ ಬರೆಯುತ್ತಿದ್ದಾಳೆ, ಪೆನ್ಸಿಲ್ಲು ಎಡಗೈಯಲ್ಲಿ. "ಅಕಿ ಮಿಸ್ ಏನೂ ಅಂದಿಲ್ರಿ" ಎಂದ.

ಅದಿತಿಯ ಮಾತನ್ನು ಅರ್ಧಕ್ಕೆ ಬಿಟ್ಟೆ. ಟೋಕಿಯೋದ ನಂತರ ಆ ಹುಡುಗಿ ಹೊಡೆತದ ದೂರ ಹೆಚ್ಚಿಸಿಕೊಳ್ಳಲು ಮೈಯನ್ನೂ ಬೀಸನ್ನೂ ಬೆಳೆಸಿಕೊಂಡಳು. 2023ರಲ್ಲಿ ಕೀನ್ಯಾದಲ್ಲಿ ಒಂದು, ಸ್ಪೇನಿನಲ್ಲಿ ಒಂದು ಪ್ರಶಸ್ತಿ ಗೆದ್ದಳು. ಕುಳಿಯ ಹತ್ತಿರದ ಆ ನಾಜೂಕನ್ನು ಮಾತ್ರ ಯಾರೂ ತಿದ್ದಲು ಹೋಗಲಿಲ್ಲವೆಂದು ಕಾಣುತ್ತದೆ.

ಅಂದು ಸಂಜೆ ಹೊರಡುವ ಮೊದಲು ನಾನೂ ಒಂದು ಹೊಡೆತ ಹೊಡೆದೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಬೀಳುಬಿಟ್ಟ ನೆಲದಲ್ಲಿ ಕ್ಲಬ್ಬು ಹಿಡಿದು ನಿಂತೆ. ಅವನ ತಾಯಿ ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದಳು. ಇಷ್ಟೆಲ್ಲ ಓದಿಯೂ ನಾನು ಚೆಂಡನ್ನು ಎಬ್ಬಿಸಲೇ ಹೋದೆ. ಎರೆಮಣ್ಣಿನ ಒಂದು ಹೆಂಟೆ ಹಾರಿತು, ಚೆಂಡು ಹತ್ತು ಮಾರು ಉರುಳಿ ಜಾಲಿಕಂಟಿಯ ಬುಡಕ್ಕೆ ನಿಂತಿತು.

"ತಲಿ ಎತ್ತಿದ್ನೇನೋ ತಮ್ಮಾ?" ಎಂದೆ.

ಅವನು ಚೆಂಡಿನ ಕಡೆ ನೋಡಲೇ ಇಲ್ಲ. ನನ್ನ ಹತ್ತಿರ ಬಂದು ಮಂಡಿ ಊರಿ ಕುಳಿತ. "ಅಲ್ರಿ ಅಕ್ಕೋರ. ಇನ್ನೊಮ್ಮೆ ಹಿಡೀರಿ, ಕೈ ನೋಡ್ತೀನಿ" ಎಂದ.